ಬೀದಿಯ ಅಂಚು: ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ–ಬನಹಟ್ಟಿಗಳಲ್ಲಿ ಪಾದಚಾರಿಯ ನೆಲೆ – ಒಂದು ಚಾರಿತ್ರಿಕ ಅವಲೋಕನ

ಪ್ರಸ್ತಾವನೆ

ಕರ್ನಾಟಕದ ಪಟ್ಟಣಗಳ ಇತಿಹಾಸವನ್ನು ಬರೆದ ವಿದ್ವಾಂಸರು ಕೋಟೆ, ಅರಮನೆ, ದೇವಾಲಯ, ಕೆರೆ, ಬಾವಿಗಳಿಗೆ ನೀಡಿದ ಗಮನವನ್ನು ಬೀದಿಗೆ ನೀಡಿರುವುದು ವಿರಳ. ಕಟ್ಟಡಗಳ ನಡುವೆ ತಾನಾಗಿ ಉಳಿದ ಬಯಲೇ ಬೀದಿ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಬೀದಿಯೂ ಒಂದು ನಿರ್ಮಾಣವೇ. ಅದಕ್ಕೂ ಅಳತೆಯುಂಟು, ಒಡೆತನವುಂಟು, ಬಳಕೆಯ ಕಟ್ಟಳೆಯುಂಟು. ಕಾಲಕಾಲಕ್ಕೆ ಅದನ್ನು ಯಾರು ಯಾರಿಗಾಗಿ ಬದಲಾಯಿಸಿದರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಇತಿಹಾಸದ ಕೆಲಸವೇ ಆಗಿದೆ.

ಇಂದು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಪಟ್ಟಣಗಳ ಮುಖ್ಯ ಬೀದಿಗಳಲ್ಲಿ ನಡೆದು ಹೋಗುವವರು, ಸೈಕಲ್ಲಿನಲ್ಲಿ ಹೋಗುವವರು ವಾಹನಗಳ ನಡುವೆ ದಾರಿ ಹುಡುಕಿಕೊಳ್ಳಬೇಕಾಗಿದೆ. ಇದಕ್ಕೆ ಸಾಮಾನ್ಯವಾಗಿ ಸೂಚಿಸಲಾಗುವ ಪರಿಹಾರ ‘ರಸ್ತೆ ಅಗಲೀಕರಣ’. ಬೀದಿ ಕಿರಿದಾದುದರಿಂದ ಅಪಾಯ ಉಂಟಾಗಿದೆ, ಆದ್ದರಿಂದ ಅದನ್ನು ಅಗಲಗೊಳಿಸಬೇಕು ಎಂಬುದು ಇಲ್ಲಿಯ ತರ್ಕ. ಈ ತರ್ಕವನ್ನು ಚಾರಿತ್ರಿಕ ಹಿನ್ನೆಲೆಯಲ್ಲಿ ಪರೀಕ್ಷಿಸುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ. ಈ ಊರುಗಳ ಬೀದಿ ಹಿಂದೆ ಇನ್ನೂ ಕಿರಿದಾಗಿತ್ತು. ಆದರೂ ನಡೆಯುವವರಿಗೆ ಅದು ನಿರ್ಭಯವಾಗಿತ್ತು. ಕಾಲಕ್ರಮದಲ್ಲಿ ಅವರು ಕಳೆದುಕೊಂಡದ್ದು ಬೀದಿಯ ಅಂಚನ್ನು. ಆದುದರಿಂದ ಮರುವಿನ್ಯಾಸವು ಅಂಚಿನಿಂದಲೇ ಆರಂಭವಾಗಬೇಕೆಂಬುದು ಈ ಲೇಖನದ ಪ್ರತಿಪಾದನೆ.

ನಾಲ್ಕು ಪಟ್ಟಣಗಳ ಹಿನ್ನೆಲೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಈ ಪಟ್ಟಣಗಳು ಭೌಗೋಳಿಕವಾಗಿ ನೆರೆಹೊರೆಯವಾದರೂ ಆಡಳಿತದ ದೃಷ್ಟಿಯಿಂದ ದೀರ್ಘಕಾಲ ಬೇರೆ ಬೇರೆಯಾಗಿದ್ದವು. ಜಮಖಂಡಿಯು ಪಟವರ್ಧನ ಮನೆತನದ, ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನಗಳ ರಾಜಧಾನಿಗಳು. ರಬಕವಿಯು ಸಾಂಗಲಿ ಸಂಸ್ಥಾನಕ್ಕೂ, ಅದಕ್ಕೆ ಹೊಂದಿಕೊಂಡ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಇಂದು ಒಂದೇ ನಗರಸಭೆಯ ವ್ಯಾಪ್ತಿಯಲ್ಲಿರುವ ಈ ಜೋಡಿ ಊರುಗಳ ನಡುವಿನ ದಾರಿಯು ಅಂದು ಎರಡು ರಾಜ್ಯಗಳ ಗಡಿಯನ್ನು ದಾಟುತ್ತಿತ್ತು ಎಂಬುದು ಗಮನಾರ್ಹ. ಬೀಳಗಿಯು ಮೊದಲು ಕಲಾದಗಿಯೆಂದೂ ಅನಂತರ ವಿಜಾಪುರವೆಂದೂ ಹೆಸರಾದ ಬ್ರಿಟಿಷ್ ಜಿಲ್ಲೆಯ ಭಾಗವಾಗಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಈ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರಿತು. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು.

ಇವುಗಳ ಪ್ರಾಚೀನತೆಯೂ ನಡಿಗೆಯ ವ್ಯಾಪಾರದೊಂದಿಗೆ ಹೆಣೆದುಕೊಂಡಿದೆ. ರನ್ನ ಕವಿಯ ಹುಟ್ಟೂರಾದ ಮುದುವೊಳಲೇ ಇಂದಿನ ಮುಧೋಳ. ಹೆಸರಿನಲ್ಲಿಯ ‘ಪೊಳಲ್’ ಎಂಬ ಪದ ಪಟ್ಟಣವನ್ನು ಸೂಚಿಸುತ್ತದೆ. ಹೊಳಲಿನಿಂದ ಹೊಳಲಿಗೆ ಮಲಾರ ಹೊತ್ತು ನಡೆಯುತ್ತಿದ್ದ ಬಳೆಗಾರರ ಕುಲದಲ್ಲಿ ರನ್ನ ಹುಟ್ಟಿದನೆಂಬುದು ಪ್ರಸಿದ್ಧ ಸಂಗತಿ. ರಬಕವಿಗೆ ಸಮೀಪದ ತೇರದಾಳದಲ್ಲಿ ದೊರೆತ 12ನೆಯ ಶತಮಾನದ ಶಾಸನವು ಈ ಭಾಗದ ವರ್ತಕ ಸಂಘಗಳ ಚಟುವಟಿಕೆಗೆ ಸಾಕ್ಷಿಯಾಗಿದೆ. ಹೀಗೆ ಸಂತೆ ಮತ್ತು ಪೇಟೆಗಳು ಈ ಊರುಗಳ ಜೀವಾಳವಾಗಿದ್ದವು. ಅವುಗಳಿಗೆ ಜನರು ಬರುತ್ತಿದ್ದುದು ಬಹುತೇಕ ಕಾಲ್ನಡಿಗೆಯಿಂದ.

1901ರ ಜನಗಣತಿಯಲ್ಲಿ ಜಮಖಂಡಿ ಪಟ್ಟಣದ ಜನಸಂಖ್ಯೆ ಸುಮಾರು 13 ಸಾವಿರ, ಮುಧೋಳದ್ದು ಸುಮಾರು 8 ಸಾವಿರ. 2001ರ ಜನಗಣತಿಯಲ್ಲಿ ಅವು ಕ್ರಮವಾಗಿ ಸುಮಾರು 58 ಸಾವಿರ ಮತ್ತು 42 ಸಾವಿರಕ್ಕೇರಿದ್ದವು. ರಬಕವಿ–ಬನಹಟ್ಟಿಯ ಜನಸಂಖ್ಯೆ ಸುಮಾರು 70 ಸಾವಿರವಾಗಿತ್ತು. ನೂರು ವರ್ಷಗಳಲ್ಲಿ ಜನರು ನಾಲ್ಕೈದು ಪಟ್ಟು ಹೆಚ್ಚಿದರೂ ಹಳೆಯ ಪೇಟೆಯ ಬೀದಿಗಳು ಇದ್ದಲ್ಲಿಯೇ ಇವೆ.

ಒಂದೇ ವೇಗದ ಬೀದಿ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ದಾರಿಗೆ ಇರುವ ಹೆಸರುಗಳೇ ಅದರ ಶ್ರೇಣಿಯನ್ನು ತಿಳಿಸುತ್ತವೆ. ಮನೆಗಳ ನಡುವಿನ ಇಕ್ಕಟ್ಟಾದ ದಾರಿ ಸಂದಿ. ಒಂದೇ ಬಳಗದವರು ವಾಸಿಸುವುದು ಓಣಿ. ಅಂಗಡಿಗಳ ಸಾಲು ಪೇಟೆ ಅಥವಾ ಬಜಾರ. ದೇವರ ರಥ ಸಾಗುವುದು ತೇರಬೀದಿ. ಊರಿನ ಬಾಗಿಲು ಅಗಸಿ. ಬನಹಟ್ಟಿಯ ಕಾಡಸಿದ್ಧೇಶ್ವರ, ರಬಕವಿಯ ಶಂಕರಲಿಂಗ ಮುಂತಾದ ದೇವಾಲಯಗಳ ಸುತ್ತ ಬೆಳೆದ ಬೀದಿಗಳು ಜಾತ್ರೆ, ಪಲ್ಲಕ್ಕಿ, ಮೆರವಣಿಗೆಗಳ ತಾಣಗಳು. ತೇರು ಎಳೆಯುವ ಊರುಗಳಲ್ಲಿ ರಥದ ಗಾಲಿಗಳ ಅಗಲಕ್ಕೆ ಎಳೆಯುವವರ ಜಾಗವನ್ನು ಕೂಡಿಸಿದರೆ ಬರುವ ಅಳತೆಯೇ ಬೀದಿಯ ಕನಿಷ್ಠ ಅಳತೆಯಾಗಿತ್ತು. ಕಾರಹುಣ್ಣಿಮೆಯಂದು ಎತ್ತುಗಳನ್ನು ಓಡಿಸಿ ಕರಿ ಹರಿಯುವುದೂ ಅಗಸಿಯ ಬಳಿಯ ಬೀದಿಯಲ್ಲಿಯೇ.

ಈ ಬೀದಿಯ ಅಡ್ಡರಚನೆಯನ್ನು ಗಮನಿಸಬೇಕು. ಮನೆಯ ತಲೆಬಾಗಿಲಿನ ಹೊರಗೆ ಕಟ್ಟೆ, ಕಟ್ಟೆಯ ಕೆಳಗೆ ಗಟಾರ, ಅದರಾಚೆ ಬಂಡಿಯ ಜಾಡು. ಕಟ್ಟೆಯು ಮನೆಗೆ ಸೇರಿದ್ದೆಂದೂ ಹೇಳಬಹುದು, ಬೀದಿಗೆ ಸೇರಿದ್ದೆಂದೂ ಹೇಳಬಹುದು. ದಾರಿಹೋಕರು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ವೃದ್ಧರು ಹರಟೆ ಹೊಡೆಯುತ್ತಿದ್ದರು. ಎದುರಿನಿಂದ ಬಂಡಿ ಬಂದರೆ ನಡೆಯುವವರು ಅದನ್ನು ಹತ್ತಿ ನಿಲ್ಲುತ್ತಿದ್ದರು. ಅಂಚು ಎಂದು ಈ ಲೇಖನದಲ್ಲಿ ಕರೆದಿರುವುದು ಬಾಗಿಲಿಗೂ ಜಾಡಿಗೂ ನಡುವಿನ ಈ ಪಟ್ಟಿಯನ್ನು.

ಕೈಮಗ್ಗದ ಊರುಗಳಲ್ಲಿ ಬೀದಿಯು ದುಡಿಮೆಯ ಸ್ಥಳವೂ ಆಗಿತ್ತು. ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸುವುದಕ್ಕೆ ಮನೆಯೊಳಗಿನ ಜಾಗ ಸಾಲದು. ಅದಕ್ಕೆ ನೇರವಾದ ಬಯಲು ಬೇಕು. ಬೆಳಗಿನ ಹೊತ್ತು ನೇಕಾರರ ಓಣಿಯೇ ಆ ಬಯಲಾಗುತ್ತಿತ್ತು. ನೂಲು ಒಣಗುವವರೆಗೆ ಬಂಡಿಗಳು ಬೇರೆ ದಾರಿ ಹಿಡಿಯುತ್ತಿದ್ದವು. ಗಾಡಿಗಿಂತ ಬದುಕಿಗೆ ಬೀದಿಯ ಮೇಲೆ ಹೆಚ್ಚಿನ ಹಕ್ಕಿದೆ ಎಂಬುದನ್ನು ಯಾವ ಕಾಯಿದೆಯೂ ಇಲ್ಲದೆ ಎಲ್ಲರೂ ಒಪ್ಪಿದ್ದರು.

ಇಂತಹ ಬೀದಿಯಲ್ಲಿ ಪ್ರತ್ಯೇಕ ಪಾದಚಾರಿ ಮಾರ್ಗ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಹೇರು ಹೊತ್ತ ಎತ್ತಿನ ಬಂಡಿಯ ವೇಗಕ್ಕೂ ಮನುಷ್ಯನ ನಡಿಗೆಯ ವೇಗಕ್ಕೂ ಹೆಚ್ಚಿನ ಅಂತರವಿಲ್ಲ. ಎಲ್ಲವೂ ಒಂದೇ ವೇಗದಲ್ಲಿ ಚಲಿಸುವಲ್ಲಿ ಬೆರೆತು ನಡೆಯುವುದು ಅಪಾಯಕಾರಿಯಲ್ಲ. ಹಳೆಯ ಬೀದಿಯ ಸುರಕ್ಷತೆಯ ಗುಟ್ಟು ಅದರ ಅಗಲದಲ್ಲಿರಲಿಲ್ಲ, ವೇಗದ ಸಮಾನತೆಯಲ್ಲಿತ್ತು. ಈ ಸಮಾನತೆ ಮುರಿದ ಮೇಲೆ ಅಂಚು ಇನ್ನಷ್ಟು ಬಲಗೊಳ್ಳಬೇಕಾಗಿತ್ತು. ಮುಂದಿನ ಇತಿಹಾಸದಲ್ಲಿ ಆದದ್ದು ಅದಕ್ಕೆ ವಿರುದ್ಧವಾಗಿದೆ.

ಕಾಯಿದೆ ಕಂಡ ಬೀದಿ

ಮುಂಬಯಿ ಪ್ರಾಂತದ 1901ರ ಜಿಲ್ಲಾ ಪುರಸಭೆಗಳ ಕಾಯಿದೆಯು ಬೀದಿಯ ಎರಡೂ ಬದಿಗೆ ಗೆರೆ ನಿಗದಿಪಡಿಸುವ, ಆ ಗೆರೆಯಿಂದ ಮುಂದಕ್ಕೆ ಚಾಚಿದ ಕಟ್ಟಡಗಳನ್ನು ಹಿಂದಕ್ಕೆ ಸರಿಸುವ ಅಧಿಕಾರವನ್ನು ಪುರಸಭೆಗಳಿಗೆ ನೀಡಿತು. ಬೆಂಕಿ, ರೋಗರುಜಿನ, ಚರಂಡಿಗಳ ದೃಷ್ಟಿಯಿಂದ ಈ ಅಧಿಕಾರ ಅಗತ್ಯವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಣಿಸಿಕೊಂಡ ಪ್ಲೇಗು ಇಕ್ಕಟ್ಟಾದ ಓಣಿಗಳ ಬಗ್ಗೆ ಆಡಳಿತಗಾರರಲ್ಲಿ ಭಯವನ್ನು ಹುಟ್ಟಿಸಿತ್ತು. ಆದರೆ ಈ ದೃಷ್ಟಿಯಲ್ಲಿ ಕಟ್ಟೆಯು ‘ಮುಂಚಾಚು’ ಆಯಿತು. ಅದನ್ನು ತೆಗೆಯುವುದು ಸುಧಾರಣೆ ಎನಿಸಿತು. ಮುಂದೆ 1964ರ ಕರ್ನಾಟಕ ಪುರಸಭೆಗಳ ಕಾಯಿದೆಯಲ್ಲಿಯೂ ಸಾರ್ವಜನಿಕ ಬೀದಿಗಳಲ್ಲಿನ ಅಡೆತಡೆ ಮತ್ತು ಮುಂಚಾಚುಗಳ ನಿವಾರಣೆ ಸ್ಥಳೀಯ ಸಂಸ್ಥೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿತು. ತೆಗೆದ ಕಟ್ಟೆಯ ಜಾಗ ನಡೆಯುವವರಿಗೇ ದೊರೆಯಬೇಕೆಂಬ ನಿಯಮ ಮಾತ್ರ ಇದರೊಂದಿಗೆ ಕೂಡಿಬರಲಿಲ್ಲ.

ಇದೇ ಕಾಲದಲ್ಲಿ ಬೇರೊಂದು ದೃಷ್ಟಿಯೂ ನಮ್ಮ ನಾಡಿನಲ್ಲಿ ಕಾಣಿಸಿಕೊಂಡಿತ್ತು. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ 1914–15ರಲ್ಲಿ ಮದ್ರಾಸು ಮತ್ತು ಮುಂಬಯಿ ಪ್ರಾಂತಗಳ ಅನೇಕ ಪಟ್ಟಣಗಳನ್ನು ಸುತ್ತಿ ವರದಿಗಳನ್ನು ಸಿದ್ಧಪಡಿಸಿದನು. ಅಂದು ಮದ್ರಾಸು ಪ್ರಾಂತದಲ್ಲಿದ್ದ ಬಳ್ಳಾರಿಯೂ ಅವುಗಳಲ್ಲೊಂದು. ಹಳೆಯ ಪೇಟೆಯನ್ನು ಸೀಳಿ ನೇರವಾದ ಅಗಲ ರಸ್ತೆಯನ್ನು ಹಾಯಿಸುವುದು ಬಡವರನ್ನು ಒಕ್ಕಲೆಬ್ಬಿಸುವ ದುಬಾರಿ ಕೆಲಸವೆಂದು ಆತ ವಾದಿಸಿದನು. ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಮನೆಮನೆಯನ್ನು ನೋಡಿ, ಪಾಳುಬಿದ್ದ ಒಂದೆರಡು ಕಟ್ಟಡಗಳನ್ನು ಮಾತ್ರ ತೆಗೆದು, ಮರ ನೆಟ್ಟು, ಬಾವಿಯ ಬಯಲನ್ನು ಉಳಿಸಿಕೊಂಡು ಬೀದಿಯನ್ನು ಸುಧಾರಿಸಬಹುದೆಂಬುದು ಆತನ ವಿಧಾನ. ಒಂದು ಶತಮಾನದ ಅನಂತರವೂ ಈ ವಿಧಾನ ನಮ್ಮ ಪಟ್ಟಣಗಳಿಗೆ ಪ್ರಸ್ತುತವಾಗಿದೆ.

ಸೈಕಲ್ಲು ಮತ್ತು ಬಸ್ಸು

ಈ ಪ್ರದೇಶಕ್ಕೆ ರೈಲು ತಾಗಿದ್ದು ಅಂಚಿನಲ್ಲಿ ಮಾತ್ರ. ಪೂರ್ವಕ್ಕೆ ಬಾಗಲಕೋಟೆ, ಪಶ್ಚಿಮಕ್ಕೆ ಕುಡಚಿ ಹತ್ತಿರದ ನಿಲ್ದಾಣಗಳಾಗಿದ್ದವು. ಇವೆರಡನ್ನು ಜೋಡಿಸುವ ಸುಮಾರು 142 ಕಿ.ಮೀ. ಮಾರ್ಗದ ಕಾಮಗಾರಿ ಆರಂಭವಾದದ್ದು 21ನೆಯ ಶತಮಾನದಲ್ಲಿ. ಆದುದರಿಂದ ನೂಲು, ಬಟ್ಟೆ, ಬೆಲ್ಲ, ಧಾನ್ಯ, ಪ್ರಯಾಣಿಕರು ಎಲ್ಲವೂ ರಸ್ತೆಯ ಮೇಲೆಯೇ ಸಾಗಬೇಕಾಯಿತು. ಧಾರವಾಡದಿಂದ ಲೋಕಾಪುರ, ಮುಧೋಳ, ಜಮಖಂಡಿಗಳ ಮೂಲಕ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ ಊರಿನ ಪೇಟೆಯೂ ಪರಊರಿನ ಹೆದ್ದಾರಿಯೂ ಒಂದರಲ್ಲೊಂದು ಸೇರಿಹೋದವು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ದೇಶೀಯ ಕಾರ್ಖಾನೆಗಳು ಸೈಕಲ್ಲನ್ನು ಸಾಮಾನ್ಯರ ಕೈಗೆಟುಕುವಂತೆ ಮಾಡಿದವು. ನೂಲಿನ ಗಂಟು ಕಟ್ಟಿಕೊಂಡ ನೇಕಾರರಿಗೆ, ಹಾಲಿನ ಕ್ಯಾನು ತೂಗುಹಾಕಿಕೊಂಡ ರೈತರಿಗೆ, ಶಾಲೆಯ ಶಿಕ್ಷಕರಿಗೆ, ಅಂಚೆಯವರಿಗೆ ಅದು ನಿತ್ಯದ ಸಂಗಾತಿಯಾಯಿತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಕೊಡುವ ಅಂಗಡಿಗಳು ಪೇಟೆಯ ಮೂಲೆಗಳಲ್ಲಿ ಕಾಣಿಸಿಕೊಂಡವು. ಮೋಟಾರೇತರ ವಾಹನಗಳ ಮೇಲೆ ತೆರಿಗೆ ವಿಧಿಸಲು ಪುರಸಭೆಗಳಿಗೆ ಅಧಿಕಾರವಿದ್ದುದರಿಂದ ಸೈಕಲ್ಲಿಗೆ ಬಿಲ್ಲೆ ಅಂಟಿಸುವ ಕಾಲವೊಂದಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕುಳಿತು ಹೋದರೆ ದಂಡ ತೆರಬೇಕಾಗಿತ್ತು. ತೆರಿಗೆ ಕೊಟ್ಟ ಸೈಕಲ್ಲಿಗೆ ಮಾತ್ರ ಪ್ರತ್ಯೇಕ ಪಥ ದೊರೆಯಲಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸು ಸೈಕಲ್ ಪಥಗಳ ವಿನ್ಯಾಸ ಕುರಿತು ಶಿಫಾರಸುಗಳನ್ನು 1962ರಷ್ಟು ಹಿಂದೆಯೇ ಪ್ರಕಟಿಸಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅರಿವಿಗೆ ಕೊರತೆ ಇರಲಿಲ್ಲ. ಅದು ಸಣ್ಣ ಪಟ್ಟಣದ ಬೀದಿಯವರೆಗೆ ಇಳಿದು ಬರಲಿಲ್ಲ.

ಇದಕ್ಕಿಂತ ಗಂಭೀರವಾದ ಉದಾಹರಣೆ ಈ ಶತಮಾನದ್ದು. ಕರ್ನಾಟಕ ಸರ್ಕಾರವು 2006–07ರಿಂದ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ಲು ವಿತರಿಸುವ ಯೋಜನೆಯನ್ನು ಜಾರಿಗೆ ತಂದಿತು. ದೂರದ ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯನ್ನು ಬಿಡದಂತೆ ಮಾಡಲು ಇದು ನೆರವಾಯಿತು. 2020ರಲ್ಲಿ ಕೋವಿಡ್ ಬಂದಾಗ ವಿತರಣೆ ನಿಂತಿತು. ಈ ನಡುವಿನ ಹದಿನಾಲ್ಕು ವರ್ಷಗಳಲ್ಲಿ ಪ್ರತಿ ವರ್ಷ ಹೊಸ ಸೈಕಲ್ಲು ಹಿಡಿದು ಬೀದಿಗಿಳಿದವರು ಹದಿಮೂರು–ಹದಿನಾಲ್ಕು ವಯಸ್ಸಿನ ಮಕ್ಕಳು. ಸೈಕಲ್ಲು ಕೊಟ್ಟ ಇಲಾಖೆ ಒಂದು, ರಸ್ತೆ ಕಟ್ಟುವ ಇಲಾಖೆ ಮತ್ತೊಂದು. ಇವೆರಡರ ನಡುವೆ ಆ ಮಕ್ಕಳು ಲಾರಿಯ ಪಕ್ಕದ ಮಣ್ಣಿನಂಚಿನಲ್ಲಿ ಸಮತೋಲ ಕಾಯ್ದುಕೊಂಡು ಸಾಗಿದರು.

ಮಗ್ಗ, ನೀರು, ಕಬ್ಬು

ಬೀದಿಯ ಮೇಲಿನ ಭಾರವನ್ನು ಹೆಚ್ಚಿಸಿದ ಎರಡು ಆರ್ಥಿಕ ಬದಲಾವಣೆಗಳು ಇಲ್ಲಿ ಉಲ್ಲೇಖನೀಯ. ಮೊದಲನೆಯದು ವಿದ್ಯುತ್ ಮಗ್ಗ. ರಬಕವಿ–ಬನಹಟ್ಟಿಯಲ್ಲಿ ಕೈಮಗ್ಗದ ಜಾಗವನ್ನು ವಿದ್ಯುತ್ ಮಗ್ಗಗಳು ಬಹುಮಟ್ಟಿಗೆ ಆಕ್ರಮಿಸಿದಂತೆ ಬೀದಿಯಲ್ಲಿ ಹಾಸು ಹಿಡಿಯುವುದು ನಿಂತಿತು. ಬೀದಿಯು ದುಡಿಮೆಯ ಸ್ಥಳವಾಗಿದ್ದುದು ಹೋಗಿ ಸರಕು ಹಾಯುವ ಸ್ಥಳವಾಯಿತು. ಬೀಮುಗಳನ್ನು, ಸೀರೆಯ ಗಂಟುಗಳನ್ನು ಹೊತ್ತ ಟಂಟಂಗಳು ಓಣಿಯನ್ನು ಪ್ರವೇಶಿಸಿದವು. ಆದರೆ ಮಗ್ಗದ ಕೂಲಿಕಾರರು, ಕಂಡಿಕೆ ಸುತ್ತುವ ಮಹಿಳೆಯರು ಇಂದಿಗೂ ಹೆಚ್ಚಾಗಿ ನಡೆದೇ ಕೆಲಸಕ್ಕೆ ಹೋಗುತ್ತಾರೆ.

ಎರಡನೆಯದು ಕಬ್ಬು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿದರು. ‘ಶ್ರಮಬಿಂದು ಸಾಗರ’ವೆಂದು ಹೆಸರಾದ ಈ ನಿರ್ಮಾಣವೂ ಇತರ ನೀರಾವರಿ ಅನುಕೂಲಗಳೂ ಒಣಭೂಮಿಯನ್ನು ಹಸಿರಾಗಿಸಿದವು. ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ ಕಾರ್ಖಾನೆಗಳು ಬೆಳೆದವು. ಸಮೀರವಾಡಿ, ಮುಧೋಳ, ಸಿದ್ದಾಪುರ, ಹಿರೇಪಡಸಲಗಿ, ಬೀಳಗಿ ತಾಲ್ಲೂಕಿನ ಬಾಡಗಂಡಿ ಮುಂತಾದೆಡೆ ಸಕ್ಕರೆ ಕಾರ್ಖಾನೆಗಳು ನೆಲೆಗೊಂಡಿವೆ. ಕಬ್ಬು ನುರಿಸುವ ಹಂಗಾಮಿನ ತಿಂಗಳುಗಳಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳೂ ಸಾಗುತ್ತವೆ. ಟ್ರೇಲರಿನಿಂದ ಎರಡೂ ಬದಿಗೆ ಚಾಚಿದ ಕಬ್ಬಿನ ಜಲ್ಲೆಗಳು ನಡೆಯುವವರ ಭುಜದ ಮಟ್ಟದಲ್ಲಿರುತ್ತವೆ. ಹಿಂದೆ ದೀಪವಿಲ್ಲದ ಟ್ರೇಲರು ರಾತ್ರಿಯ ಹೊತ್ತು ಸೈಕಲ್ಲಿನವರ ಕಣ್ಣಿಗೆ ಬೀಳುವುದೇ ಇಲ್ಲ. ಊರಿನ ಸಮೃದ್ಧಿಯನ್ನು ತಂದ ಅದೇ ಹೇರು ಊರಿನ ಬೀದಿಯನ್ನು ಅಪಾಯಕ್ಕೊಡ್ಡಿದೆ. ಜನರ ಶ್ರಮದಿಂದ ನದಿಯನ್ನು ನಿಲ್ಲಿಸಿದ ನ್ಯಾಮಗೌಡರು 2018ರ ಮೇ 28ರಂದು ತುಳಸಿಗೇರಿಯ ಬಳಿ ರಸ್ತೆ ಅಪಘಾತದಲ್ಲಿ ಮೃತಪಟ್ಟರು ಎಂಬುದು ಈ ಭಾಗದ ಜನರು ಮರೆಯಲಾಗದ ದುರಂತ.

ಅಂಚು ಕಳೆದುಹೋದ ಬಗೆ

ಹಾಗಾದರೆ ಅಂಚು ಎಲ್ಲಿ ಹೋಯಿತು? ಇದು ಒಮ್ಮೆಗೇ ಆದ ಬದಲಾವಣೆಯಲ್ಲ. ಮೊದಲು ಕಟ್ಟೆಗಳು ತೆರವಾದವು. ಆ ಜಾಗಕ್ಕೆ ಡಾಂಬರು ಬಂದಿತು. ಡಾಂಬರಿನ ಮೇಲೆ ಡಾಂಬರು ಹಾಕುತ್ತ ಹೋದಂತೆ ರಸ್ತೆಯ ಮಟ್ಟ ಏರಿ ಮನೆಯ ಹೊಸ್ತಿಲು ಕೆಳಗಾಯಿತು. ತೆರೆದ ಗಟಾರದ ಮೇಲೆ ಹಾಸುಗಲ್ಲು ಮುಚ್ಚಿ ಅದನ್ನೇ ಪಾದಚಾರಿ ಮಾರ್ಗವೆಂದು ಕರೆಯಲಾಯಿತು. ಹೂಳೆತ್ತಲು ಒಂದು ಕಲ್ಲನ್ನು ತೆಗೆದು ಮರಳಿ ಮುಚ್ಚದಿದ್ದರೆ ಸಾಕು, ನಡೆಯುವವರು ಮತ್ತೆ ರಸ್ತೆಗಿಳಿಯುತ್ತಾರೆ. ಉಳಿದ ಅಲ್ಪ ಜಾಗದಲ್ಲಿ ವಿದ್ಯುತ್ ಕಂಬ, ಪರಿವರ್ತಕ, ಫಲಕ, ನಿಂತ ಬೈಕುಗಳು ಸೇರಿಕೊಂಡವು.

ಇದಕ್ಕೆ ಆಡಳಿತ ವ್ಯವಸ್ಥೆಯ ಕಾರಣವೂ ಇದೆ. ಮುಖ್ಯ ಬೀದಿ ರಾಜ್ಯ ಹೆದ್ದಾರಿಯೂ ಆಗಿರುವಲ್ಲಿ ನಡುವಿನ ಡಾಂಬರು ಲೋಕೋಪಯೋಗಿ ಇಲಾಖೆಯದು. ಗಟಾರ ಸ್ಥಳೀಯ ಸಂಸ್ಥೆಯದು. ಕಂಬ ವಿದ್ಯುತ್ ಸಂಸ್ಥೆಯದು. ವಾಹನ ನಿಯಂತ್ರಣ ಪೊಲೀಸರದು. ರಸ್ತೆಯ ನಡುವಿಗೆ ಒಬ್ಬ ಯಜಮಾನನಿದ್ದಾನೆ. ಅಂಚಿಗೆ ಹಲವರು ಪಾಲುದಾರರಿದ್ದರೂ ಯಜಮಾನನಿಲ್ಲ. ತರಕಾರಿ, ಹೂವು, ಹಣ್ಣು ಮಾರುವವರನ್ನು ಮಾತ್ರ ಅಂಚಿನ ಆಕ್ರಮಣಕಾರರೆಂದು ದೂಷಿಸುವುದು ವಾಡಿಕೆಯಾಗಿದೆ. ಆದರೆ ಸಂತೆಯ ಊರುಗಳಲ್ಲಿ ಬೀದಿಬದಿಯ ವ್ಯಾಪಾರ ಮೋಟಾರಿಗಿಂತ ಹಳೆಯದು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಅವರ ಜೀವನೋಪಾಯದ ಹಕ್ಕನ್ನು ಮಾನ್ಯಮಾಡಿದೆ.

ಈ ನಷ್ಟದ ಬೆಲೆಯನ್ನು ದೇಶದ ಅಂಕಿಗಳು ತೋರಿಸುತ್ತವೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಸತ್ತರು. ಅವರಲ್ಲಿ 32,825 ಜನರು ಪಾದಚಾರಿಗಳು. ಅಂದರೆ ಸತ್ತ ಐವರಲ್ಲಿ ಸರಿಸುಮಾರು ಒಬ್ಬರು ಯಾವ ವಾಹನದಲ್ಲಿಯೂ ಇರಲಿಲ್ಲ.

ಹೊಸ ಊರು, ಹೊಸ ಬೀದಿ

ಬೀದಿಯನ್ನು ಹೊಸದಾಗಿ ಕಲ್ಪಿಸುವ ಅವಕಾಶ ಈ ಜಿಲ್ಲೆಗೆ ಒದಗಿದ್ದು ಮುಳುಗಡೆಯ ಮೂಲಕ. ಆಲಮಟ್ಟಿ ಜಲಾಶಯದಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಬೇಕಾದಾಗ 1983ರ ಕಾಯಿದೆಯನ್ವಯ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವನ್ನು ರಚಿಸಲಾಯಿತು. ನವನಗರದ ಯೋಜನೆಯಲ್ಲಿ ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಪಾಲ್ಗೊಂಡರು. ಸೆಕ್ಟರುಗಳಾಗಿ ವಿಂಗಡಿಸಿದ ನವನಗರದ ವಿಶಾಲ ರಸ್ತೆಗಳನ್ನೂ ಹಳೆಯ ಊರಿನ ಪೇಟೆಯನ್ನೂ ಒಂದೇ ದಿನ ನಡೆದು ನೋಡಿದವರಿಗೆ ಎರಡರ ಅಂತರ ಸ್ಪಷ್ಟವಾಗುತ್ತದೆ. ಹಳೆಯ ಪೇಟೆಯಲ್ಲಿ ಎಲ್ಲವೂ ಹತ್ತಿರ, ಆದರೆ ಇಕ್ಕಟ್ಟು. ನವನಗರದಲ್ಲಿ ಜಾಗ ಧಾರಾಳ, ಆದರೆ ದೂರಗಳು ದೊಡ್ಡವು, ನೆರಳು ಕಡಿಮೆ. ಬಿಸಿಲಿನ ನಾಡಿನಲ್ಲಿ ನೆರಳಿಲ್ಲದ ಅಗಲ ರಸ್ತೆಯು ನಡೆಯುವವರನ್ನು ವಾಹನದತ್ತ ದೂಡುತ್ತದೆ.

ಈ ಪಾಠ ಮುಗಿದುಹೋದ ಕಾಲದ್ದಲ್ಲ. 2009ರ ನೆರೆಯ ಅನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಮನೆಗಳ ಬಡಾವಣೆಗಳು ನಿರ್ಮಾಣಗೊಂಡವು. 2019ರ ನೆರೆಯೂ ಕೃಷ್ಣಾ, ಘಟಪ್ರಭಾ ದಂಡೆಯ ಜನರನ್ನು ಕದಲಿಸಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಬೀಳಗಿ, ಜಮಖಂಡಿ ಭಾಗಗಳ ಇನ್ನಷ್ಟು ಕುಟುಂಬಗಳು ಪುನರ್ವಸತಿ ಕೇಂದ್ರಗಳಿಗೆ ತೆರಳಬೇಕಾಗುತ್ತದೆ. ಆ ಕೇಂದ್ರಗಳ ನಕ್ಷೆಯಲ್ಲಿ ನಿವೇಶನದ ಅಳತೆಯಷ್ಟೇ ಗಂಭೀರವಾಗಿ ಕಟ್ಟೆ, ನೆರಳು, ಕಾಲುದಾರಿಗಳನ್ನು ಗುರುತಿಸಬೇಕು.

ರಾಜ್ಯದ ಮತ್ತು ಹೊರಗಿನ ಪ್ರಯೋಗಗಳು

ಇರುವ ಬೀದಿಯನ್ನೇ ಮರುವಿನ್ಯಾಸಗೊಳಿಸಿದ ಪ್ರಯೋಗಗಳು ಕರ್ನಾಟಕದಲ್ಲಿ ಕಳೆದ ದಶಕದಲ್ಲಿ ನಡೆದಿವೆ. ಬೆಂಗಳೂರಿನ ‘ಟೆಂಡರ್ ಶ್ಯೂರ್’ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಮುಂತಾದವುಗಳನ್ನು ಹೊಸದಾಗಿ ನಿರ್ಮಿಸಲಾಯಿತು. ಇದರ ತತ್ತ್ವ ಸರಳವಾದುದು. ರಸ್ತೆಯು ಒಂದೆಡೆ ಉಬ್ಬಿ ಮತ್ತೊಂದೆಡೆ ಸೊರಗುವಂತಿದ್ದರೆ ವಾಹನಗಳು ಸೊರಗಿದಲ್ಲಿ ಸಿಕ್ಕಿಕೊಳ್ಳುತ್ತವೆ. ಉಬ್ಬಿದ ಭಾಗದಿಂದ ಅವುಗಳಿಗೆ ಲಾಭವಿಲ್ಲ. ಆದ್ದರಿಂದ ವಾಹನ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ಕಟ್ಟಿ, ಉಳಿದುದೆಲ್ಲವನ್ನೂ ಅಂಚಿಗೆ ಕೊಡಬೇಕು. ನೀರು, ಒಳಚರಂಡಿ, ವಿದ್ಯುತ್ ತಂತಿಗಳನ್ನು ಅಂಚಿನ ಕೆಳಗೆ ಕೊಳವೆಗಳಲ್ಲಿ ಅಡಕಮಾಡಿ ಮತ್ತೆ ಮತ್ತೆ ಅಗೆಯುವುದನ್ನು ತಪ್ಪಿಸಬೇಕು. ಮೈಸೂರಿನಲ್ಲಿ 2017ರ ಜೂನಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ 450 ಸೈಕಲ್ಲುಗಳೊಂದಿಗೆ ಆರಂಭವಾಯಿತು. ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ ಮಾರ್ಗದಲ್ಲಿ 2018ರ ಅಕ್ಟೋಬರಿನಲ್ಲಿ ಬಸ್ಸುಗಳು ಓಡತೊಡಗಿದವು. ಅಲ್ಲಿ ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ಪ್ರತಿಯೊಬ್ಬ ಪ್ರಯಾಣಿಕನೂ ಮೊದಲು ಪಾದಚಾರಿಯಾಗಿ ರಸ್ತೆ ದಾಟಬೇಕು. ದಾಟುವ ಜಾಗ ಸುರಕ್ಷಿತವಾಗಿರದೆ ಬಸ್ಸಿನ ಸೌಲಭ್ಯ ಪೂರ್ಣವಾಗದು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಹೊರದೇಶಗಳಲ್ಲಿಯೂ ಇದು ಸುಲಭವಾಗಿ ಬಂದ ತಿಳಿವಳಿಕೆಯಲ್ಲ. ಇಂದು ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸಿನಲ್ಲಿ 1971ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮಕ್ಕಳಿದ್ದರು. ತಂದೆತಾಯಿಗಳು ಬೀದಿಗಿಳಿದು ಪ್ರತಿಭಟಿಸಿದ ಮೇಲೆಯೇ ಅಲ್ಲಿಯ ಬೀದಿಗಳು ಬದಲಾದವು. ವಾಹನವು ನಡಿಗೆಯ ವೇಗಕ್ಕೆ ಇಳಿಯಬೇಕಾದ ವಸತಿ ಬೀದಿಗಳಿಗೆ 1976ರಲ್ಲಿ ಕಾನೂನಿನ ಮನ್ನಣೆ ದೊರೆಯಿತು. ನಮ್ಮ ನೇಕಾರರ ಓಣಿ ಅನುಸರಿಸುತ್ತಿದ್ದ ಕಟ್ಟಳೆಯೂ ಇದೇ ಆಗಿತ್ತು. 2020ರ ಸ್ಟಾಕ್‌ಹೋಮ್ ಘೋಷಣೆಯು ಪಾದಚಾರಿ, ಸೈಕಲ್ಲು, ವಾಹನಗಳು ಬೆರೆಯುವಲ್ಲಿ ವೇಗ ಗಂಟೆಗೆ 30 ಕಿ.ಮೀ. ಮೀರಬಾರದೆಂದು ಕರೆಕೊಟ್ಟಿತು.

ಕಾನೂನಿನ ಬೆಂಬಲವೂ ಈಗ ಬಂದಿದೆ. ವಾಹನಗಳ ಬದಲು ಜನರ ಸಂಚಾರಕ್ಕೆ ಆದ್ಯತೆ ನೀಡಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ರಸ್ತೆಯ ವಿನ್ಯಾಸದಲ್ಲಿಯ ಲೋಪಕ್ಕೆ ನಿರ್ಮಿಸಿದವರನ್ನೂ ಹೊಣೆಯಾಗಿಸಿತು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಪಾದಚಾರಿ ಮಾರ್ಗದ ಹಕ್ಕನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು.

ಮರುವಿನ್ಯಾಸದ ನೆಲೆಗಳು

ಮಹಾನಗರದ ನಮೂನೆಯನ್ನು ಜಮಖಂಡಿ ಅಥವಾ ಬೀಳಗಿಗೆ ಹಾಗೆಯೇ ತರಲಾಗದು. ಅಷ್ಟು ಹಣವೂ ಇಲ್ಲ, ಅಗತ್ಯವೂ ಇಲ್ಲ. ತತ್ತ್ವವನ್ನು ಮಾತ್ರ ಸ್ವೀಕರಿಸಬಹುದು. ಉದಾಹರಣೆಗೆ 12 ಮೀಟರ್ ಅಗಲದ ಒಂದು ಪೇಟೆಬೀದಿಯನ್ನು ಕಲ್ಪಿಸಿಕೊಳ್ಳೋಣ. ಹೋಗಿಬರುವ ವಾಹನಗಳಿಗೆ ತಲಾ 3 ಮೀಟರಿನಂತೆ 6 ಮೀಟರ್ ಕೊಟ್ಟರೆ ಎರಡೂ ಬದಿಗೆ ತಲಾ 3 ಮೀಟರ್ ಉಳಿಯುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಪಾದಚಾರಿ ಮಾರ್ಗವನ್ನು ಬಯಸುತ್ತದೆ. ಅದನ್ನು ಕಳೆದರೂ 1.2 ಮೀಟರ್ ಮಿಗುತ್ತದೆ. ಕಂಬ, ಮರ, ಹೂವು–ಹಣ್ಣಿನ ಬುಟ್ಟಿಗಳಿಗೆ ಅದು ಸಾಕು. ಒಂದು ಮನೆಯನ್ನೂ ಕೆಡವದೆ ಇದು ಸಾಧ್ಯ. ಇದಕ್ಕಿಂತ ಕಿರಿದಾದ ಬೀದಿಗಳಲ್ಲಿ ಪ್ರತ್ಯೇಕ ಮಾರ್ಗದ ಬದಲು ವೇಗವನ್ನೇ ಇಳಿಸಿ ಎಲ್ಲರೂ ಬೆರೆತು ಸಾಗುವ ಹಳೆಯ ಕ್ರಮಕ್ಕೆ ಮರಳಬಹುದು.

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಎದುರು ದಾಟುವ ಪಟ್ಟಿಯನ್ನು ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸಬೇಕು. ಆಗ ವಾಹನ ತಾನಾಗಿ ನಿಧಾನಿಸುತ್ತದೆ, ಗಾಲಿಕುರ್ಚಿಯವರೂ ದಾಟಬಲ್ಲರು. ಕಬ್ಬಿನ ಟ್ರ್ಯಾಕ್ಟರುಗಳಿಗೆ ಊರ ಹೊರಗಿನ ದಾರಿಯನ್ನೂ, ಅದಿಲ್ಲದಲ್ಲಿ ಶಾಲೆ ಆರಂಭವಾಗುವ ಮತ್ತು ಬಿಡುವ ವೇಳೆಯನ್ನು ಹೊರತುಪಡಿಸಿದ ಸಮಯವನ್ನೂ ಹಂಗಾಮಿಗೆ ಮೊದಲೇ ಕಾರ್ಖಾನೆಗಳು, ರೈತರು, ಪೊಲೀಸರು ಕೂಡಿ ನಿಗದಿಪಡಿಸಬೇಕು. ಊರಿನಿಂದ ಹಳ್ಳಿಗೆ ಹೋಗುವ ರಸ್ತೆಗಳಲ್ಲಿ ವೇಗ ಹೆಚ್ಚಾಗಿರುವುದರಿಂದ ಅಲ್ಲಿ ಸೈಕಲ್ಲಿಗೆ ಡಾಂಬರಿನ ಗಟ್ಟಿಯಾದ ಅಂಚು ಬೇಕು. ಮಗ್ಗದ ರಾತ್ರಿಪಾಳಿ ಮುಗಿಸಿ ಬರುವವರಿಗಾಗಿ ಬೀದಿದೀಪದ ಬೆಳಕು ರಸ್ತೆಯ ನಡುವಿಗಷ್ಟೇ ಅಲ್ಲದೆ ಅಂಚಿಗೂ ಬೀಳಬೇಕು. ಎಲ್ಲಕ್ಕಿಂತ ಮೊದಲು, ಬಾಗಿಲಿನಿಂದ ಬಾಗಿಲಿನವರೆಗಿನ ಇಡೀ ಬೀದಿಯನ್ನು ಒಂದೇ ನಕ್ಷೆಯಲ್ಲಿ ಕಂಡು, ಅಂಚಿನ ಹೊಣೆಯನ್ನು ಒಂದು ಸಂಸ್ಥೆಗೆ ವಹಿಸಬೇಕು.

ಉಪಸಂಹಾರ

ಈ ಅವಲೋಕನದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಈ ಪಟ್ಟಣಗಳ ಹಳೆಯ ಬೀದಿಯ ಸುರಕ್ಷತೆಯು ವೇಗದ ಸಮಾನತೆ ಮತ್ತು ಅಂಚಿನ ಅಸ್ತಿತ್ವಗಳನ್ನು ಅವಲಂಬಿಸಿತ್ತು. ಎರಡು, ಕಾಯಿದೆ, ಮೋಟಾರು, ಕಬ್ಬು ಮತ್ತು ಹಂಚಿಹೋದ ಆಡಳಿತಗಳು ಕೂಡಿ ಆ ಅಂಚನ್ನು ಅಳಿಸಿದವು. ಮೂರು, ಅಂಚನ್ನು ಮರಳಿ ಕಟ್ಟುವುದಕ್ಕೆ ಬೇಕಾದ ಜ್ಞಾನ ಮತ್ತು ಕಾನೂನು ಈಗ ನಮ್ಮಲ್ಲಿವೆ. ಬೇಕಾದುದು ಸ್ಥಳೀಯ ಸಂಕಲ್ಪ.

ಆ ಸಂಕಲ್ಪದ ಪರಂಪರೆ ಈ ನೆಲಕ್ಕೆ ಹೊಸದಲ್ಲ. ಸರ್ಕಾರಕ್ಕೆ ಕಾಯದೆ ನದಿಗೆ ಬ್ಯಾರೇಜು ಕಟ್ಟಿದ ಜನರಿವರು. ನದಿಯನ್ನು ತಡೆದು ನಿಲ್ಲಿಸುವುದಕ್ಕೆ ಹೋಲಿಸಿದರೆ ಬೀದಿಯ ಎರಡೂ ಬದಿಗೆ ಆರಾರು ಅಡಿ ನೆಲವನ್ನು ನಡೆಯುವವರಿಗೆ ಬಿಟ್ಟುಕೊಡುವುದು ಸಣ್ಣ ಕೆಲಸ. ಅಷ್ಟನ್ನು ಮಾಡಿದರೆ ನಮ್ಮ ಮಕ್ಕಳು ಶಾಲೆಗೂ, ಮಗ್ಗದ ಹೆಣ್ಣುಮಕ್ಕಳು ಕೆಲಸಕ್ಕೂ, ವೃದ್ಧರು ಗುಡಿಗೂ ಸಂತೆಗೂ ಅಂಜದೆ ನಡೆದು ಹೋಗಿ ಮನೆಗೆ ಮರಳಬಹುದು.